ಮಣ್ಣಿನ ಬಯಕೆ ಮತ್ತು ರಕ್ತಹೀನತೆ

ಬಸುರಿಯ ಬಯಕೆಗೆ ಕನ್ನಡ ಜನಪದರು ವಿಶೇಷ ಮನ್ನಣೆ ನೀಡಿದ್ದಾರೆ. ಕುಬುಸ, ಸೀಮಂತದಂತಹ ಆಚರಣೆಗಳಲ್ಲಿ ಬಂಧುಬಳಗವೆಲ್ಲ ಸೇರಿ ಅವಳ ಬಯಕೆ ತೀರಿಸುತ್ತದೆ. ಆದರೆ ನಾಲ್ಕು ಜನರೆದುರು ಹೇಳಿಕೊಳ್ಳಲು ಸಂಕೋಚ ಹುಟ್ಟಿಸುವ ಬಯಕೆಯೂ ಒಂದಿದೆ. ಒಲೆಯ ಸುಟ್ಟ ಮಣ್ಣು, ಗೋಡೆಯ ಹೆಂಟೆ, ಬೂದಿ, ಹಸಿ ಅಕ್ಕಿ ಮುಂತಾದವನ್ನು ಬಸುರಿಯರು ಮರೆಯಲ್ಲಿ ತಿನ್ನುವುದುಂಟು.

ಮಣ್ಣು ತಿನ್ನುವುದಕ್ಕೂ ಮೈ ಬಿಳಿಚಿಕೊಳ್ಳುವುದಕ್ಕೂ ಇರುವ ನಂಟನ್ನು ಪ್ರಾಚೀನ ವೈದ್ಯವು ಗುರುತಿಸಿತ್ತು. ಚರಕಸಂಹಿತೆಯ ಚಿಕಿತ್ಸಾಸ್ಥಾನವು ಪಾಂಡುರೋಗವನ್ನು ಐದು ಬಗೆಯಾಗಿ ವಿಂಗಡಿಸಿ, ಅವುಗಳಲ್ಲಿ ಒಂದಕ್ಕೆ ಮಣ್ಣು ತಿನ್ನುವುದನ್ನೇ ಕಾರಣವಾಗಿ ಹೇಳುತ್ತದೆ. ಅದೇ ಅಧ್ಯಾಯವು ಕಬ್ಬಿಣದ ಪುಡಿ ಮತ್ತು ಮಂಡೂರ ಸೇರಿದ ಔಷಧಗಳನ್ನು ಸೂಚಿಸಿರುವುದು ಗಮನಾರ್ಹ.

ಆಧುನಿಕ ವಿಜ್ಞಾನವು ಈ ನಂಟನ್ನು ಇನ್ನಷ್ಟು ಸ್ಪಷ್ಟಪಡಿಸಿದೆ. ಹಿಮೋಗ್ಲೋಬಿನ್ನಿನ ಪ್ರತಿ ಅಣುವಿನಲ್ಲೂ ಕಬ್ಬಿಣದ ನಾಲ್ಕು ಪರಮಾಣುಗಳಿದ್ದು, ಪ್ರತಿಯೊಂದೂ ಶ್ವಾಸಕೋಶದಲ್ಲಿ ಆಮ್ಲಜನಕದ ಒಂದು ಅಣುವನ್ನು ಹಿಡಿದು ಅಂಗಾಂಶಗಳಿಗೆ ಒಯ್ಯುತ್ತದೆ. ಕಬ್ಬಿಣ ಸಾಲದಾದಾಗ ಕೆಂಪುಕಣಗಳು ಕಿರಿದಾಗಿ ಬಿಳಿಚುತ್ತವೆ. ಸುಸ್ತು, ಏದುಸಿರು ಕಾಣಿಸಿಕೊಳ್ಳುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಗರ್ಭಿಣಿಯರಲ್ಲಿ ಶೇ. 52.2ರಷ್ಟು ಮಂದಿ ರಕ್ತಹೀನತೆಯುಳ್ಳವರು. ಇಂತಹ ಕೊರತೆಯುಳ್ಳವರಲ್ಲಿ ಮಣ್ಣಿನ ಬಯಕೆ ಹೆಚ್ಚಾಗಿ ಕಂಡುಬರುತ್ತದೆ. ಕಬ್ಬಿಣದ ಚಿಕಿತ್ಸೆಯಿಂದ ಹಲವರಲ್ಲಿ ಅದು ತಗ್ಗುತ್ತದೆ.

ಕೆಮ್ಮಣ್ಣಿನ ಬಣ್ಣಕ್ಕೆ ಕಬ್ಬಿಣವೇ ಕಾರಣವಾದರೂ, ಅದನ್ನು ತಿಂದರೆ ಕೊರತೆ ನೀಗುವುದಿಲ್ಲ. ಮಣ್ಣಿನಲ್ಲಿರುವ ಕಬ್ಬಿಣದ ಆಕ್ಸೈಡು ಕರುಳಿಗೆ ದಕ್ಕುವುದು ಅತ್ಯಲ್ಪ. ಜೇಡಿಯಂತೂ ಆಹಾರದಲ್ಲಿನ ಕಬ್ಬಿಣವನ್ನೂ ಹಿಡಿದಿಟ್ಟುಕೊಂಡು ದಕ್ಕದಂತೆ ಮಾಡಬಲ್ಲದು. ಜೊತೆಗೆ ಹೊಲಸು ಮಣ್ಣಿನಿಂದ ಜಂತುಹುಳುಗಳು ಹೊಟ್ಟೆ ಸೇರುತ್ತವೆ. ಅವುಗಳಲ್ಲಿ ಕೊಕ್ಕೆಹುಳು ಕರುಳಿನಿಂದ ರಕ್ತ ಹೀರುತ್ತದೆ. ಹೀಗೆ ಕೊರತೆಯ ಲಕ್ಷಣವಾಗಿ ಕಾಣಿಸಿದ ಬಯಕೆಯು ಕೊರತೆಯನ್ನೇ ಹೆಚ್ಚಿಸುವ ವಿಷಚಕ್ರವಾಗುತ್ತದೆ.

ಜನಪದರಿಗೆ ಕಬ್ಬಿಣವು ಅಪರಿಚಿತವಲ್ಲ. ಗಾಳಿ ಸೋಕದಿರಲೆಂದು ಬಾಣಂತಿಯ ತಲೆದಿಂಬಿನಡಿ ಕುಡುಗೋಲನ್ನೋ ಕಬ್ಬಿಣದ ತುಂಡನ್ನೋ ಇಡುವ ರೂಢಿಯಿದೆ. ಕಾಪಾಡುವ ಲೋಹವೆಂದು ನಂಬಿದ ಮನೆಯಲ್ಲಿಯೇ ಕಬ್ಬಿಣದ ಮಾತ್ರೆಯ ಬಗ್ಗೆ ಅಳುಕಿರುವುದೂ ಉಂಟು. ಮಾತ್ರೆ ನುಂಗಿದಾಗ ಮಲ ಕಪ್ಪಾಗುವುದು ಸಹಜ. ಅದನ್ನು ಕಂಡು ಕೂಸೂ ಕಪ್ಪಾಗುತ್ತದೆ ಎಂದು ಹೆದರಿ ಬಿಡುವವರಿದ್ದಾರೆ. 2018ರಲ್ಲಿ ಆರಂಭವಾದ ‘ಅನೀಮಿಯಾ ಮುಕ್ತ ಭಾರತ’ ಕಾರ್ಯಕ್ರಮವು ಗರ್ಭಿಣಿಗೆ ದಿನಕ್ಕೆ 60 ಮಿಲಿಗ್ರಾಂ ಕಬ್ಬಿಣವುಳ್ಳ ಮಾತ್ರೆಯನ್ನು ವಿಧಿಸಿದೆ. ಈ ಭಯ ನೀಗದೆ ಮಾತ್ರೆಯ ಪಟ್ಟಿ ಮನೆ ತಲುಪಿದರೂ ಪ್ರಯೋಜನವಿಲ್ಲ.

ಮಣ್ಣು ತಿನ್ನುವವಳನ್ನು ಗದರಿಸಿದರೆ ಅವಳು ಮುಚ್ಚಿಟ್ಟುಕೊಳ್ಳುತ್ತಾಳೆಯೇ ಹೊರತು ಬಿಡುವುದಿಲ್ಲ. ‘ಏನು ಬಯಕೆ?’ ಎಂದು ಕೇಳುವ ಸಲುಗೆ ನಮ್ಮ ಸಂಸ್ಕೃತಿಯಲ್ಲಿ ಮೊದಲಿನಿಂದಲೂ ಇದೆ. ಮಣ್ಣು ಎಂಬ ಉತ್ತರ ಬಂದಾಗ ನಗದೆ, ಬೈಯದೆ, ರಕ್ತಪರೀಕ್ಷೆಗೆ ಕರೆದೊಯ್ಯುವುದೇ ಆ ಬಯಕೆಯನ್ನು ತೀರಿಸುವ ಸರಿಯಾದ ಮಾರ್ಗ.