ಸ್ವಲೀನ ಮಗುವೂ ಮನೆಯ ಕಾಯಕವೂ

ಮಗು ಮಾತು ಕಲಿಯಲು ತಡಮಾಡಿದರೆ, ಹೆಸರು ಹಿಡಿದು ಕರೆದರೂ ತಿರುಗಿ ನೋಡದಿದ್ದರೆ, ಊಟದ ತಟ್ಟೆ ಬದಲಾದ ಮಾತ್ರಕ್ಕೆ ಗೋಳಾಡಿದರೆ, ಸುತ್ತಲಿನವರ ಬೆರಳು ಮೊದಲು ತಾಯಿಯತ್ತ ತಿರುಗುವುದು ಲೋಕರೂಢಿ. ಬೆಳೆಸುವ ರೀತಿ ತಿಳಿಯದು, ಮುದ್ದು ಹೆಚ್ಚಾಯಿತು ಎಂಬ ಮಾತುಗಳನ್ನು ಆಕೆ ಮೌನವಾಗಿ ನುಂಗಬೇಕಾಗುತ್ತದೆ. ಆದರೆ ಈ ಆರೋಪ ಕೇವಲ ಅಕ್ಷರ ಬಾರದವರ ಅಜ್ಞಾನವಲ್ಲ. ಒಂದು ಕಾಲಕ್ಕೆ ಪಾಶ್ಚಾತ್ಯ ವಿದ್ವಾಂಸರೇ ಇದನ್ನು ಶಾಸ್ತ್ರವೆಂದು ಬೋಧಿಸಿದ್ದರು.

1943ರಲ್ಲಿ ಅಮೇರಿಕೆಯ ಬಾಲ್ಟಿಮೋರ್ ನಗರದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಅವರು 11 ಮಕ್ಕಳ ನಡವಳಿಕೆಯನ್ನು ವಿವರಿಸಿ ಪ್ರಬಂಧವೊಂದನ್ನು ಪ್ರಕಟಿಸಿದರು. ಜನರೊಡನೆ ಬೆರೆಯದಿರುವಿಕೆ, ಮಾತಿನಲ್ಲಿ ವೈಲಕ್ಷಣ್ಯ, ಸುತ್ತಲಿನದೆಲ್ಲವೂ ಇದ್ದಂತೆಯೇ ಇರಬೇಕೆಂಬ ಹಟ ಇವು ಆ ಮಕ್ಕಳ ಲಕ್ಷಣಗಳಾಗಿದ್ದುವು. ಇಂದು ಆಟಿಸಂ ಅಥವಾ ಸ್ವಲೀನತೆ ಎಂದು ಕರೆಯುವುದು ಈ ಸ್ಥಿತಿಯನ್ನೇ. ಇದು ಹುಟ್ಟಿನಿಂದ ಬಂದದ್ದೆಂದು ಹೇಳಿದ ಕ್ಯಾನರ್ ಅವರೇ, ಪಾಲಕರಲ್ಲಿ ಅಕ್ಕರೆ ವಿರಳವೆಂದೂ ಬರೆದರು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಅವರ ಗ್ರಂಥವು ಪಾಲಕರ ಮೇಲಿನ ಈ ಆರೋಪವನ್ನು ಇನ್ನಷ್ಟು ಪ್ರಚುರಪಡಿಸಿತು. ಮೊದಲೇ ನೊಂದಿದ್ದ ತಾಯಂದಿರ ಮೇಲೆ ಅಪರಾಧದ ಹೊರೆಯೂ ಬಿದ್ದಿತು.

ಈ ತಪ್ಪನ್ನು ತಿದ್ದುವುದರಲ್ಲಿ ಪಾಲಕರೇ ಮುಂದಾದುದು ಗಮನಾರ್ಹ. ಸ್ವಲೀನ ಮಗನ ತಂದೆಯೂ ಮನಶ್ಶಾಸ್ತ್ರಜ್ಞರೂ ಆಗಿದ್ದ ಬರ್ನಾರ್ಡ್ ರಿಮ್‌ಲೆಂಡ್ ಅವರು 1964ರ ತಮ್ಮ ಗ್ರಂಥದಲ್ಲಿ, ಕಾರಣವಿರುವುದು ಶರೀರದಲ್ಲಿಯೇ ಹೊರತು ತಾಯಿಯ ನಡತೆಯಲ್ಲಲ್ಲವೆಂದು ವಾದಿಸಿದರು. ಸ್ವಲೀನ ಮಗಳ ತಾಯಿಯಾದ ಮನೋವೈದ್ಯೆ ಲೋರ್ನಾ ವಿಂಗ್ ಅವರು 1962ರಲ್ಲಿ ಇಂಗ್ಲೆಂಡಿನ ಪಾಲಕರ ಸಂಘದ ಸ್ಥಾಪಕರಲ್ಲೊಬ್ಬರಾದರು. 1969ರಲ್ಲಿ ಅಮೇರಿಕೆಯ ಪಾಲಕರ ಸಂಘದ ಸಭೆಯಲ್ಲಿ ಕ್ಯಾನರ್ ಅವರೇ ಪಾಲಕರನ್ನು ದೋಷಮುಕ್ತರೆಂದು ಸಾರಿದರು. 1977ರಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೇಲ್ ರಟ್ಟರ್ ಅವರು 21 ಅವಳಿ ಜೋಡಿಗಳನ್ನು ಪರಿಶೀಲಿಸಿ, ಸ್ವಲೀನತೆಯಲ್ಲಿ ಅನುವಂಶೀಯತೆಯ ಪಾತ್ರವನ್ನು ತೋರಿಸಿಕೊಟ್ಟರು. ಸ್ವಲೀನತೆಯು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು, ಪಾಲನೆಯ ದೋಷದಿಂದ ಉಂಟಾಗುವುದಲ್ಲ ಎಂಬುದು ಇಂದು ನಿರ್ವಿವಾದ.

ದೋಷ ಮನೆಯದಲ್ಲವಾದರೂ ನೆರವು ಮಾತ್ರ ಮನೆಯಿಂದಲೇ ಆರಂಭವಾಗಬೇಕು. ಔದ್ಯೋಗಿಕ ಚಿಕಿತ್ಸೆಯ ಮಹತ್ವವಿರುವುದು ಇಲ್ಲಿ. ಹೆಸರು ಕೇಳಿದವರು ಇದು ನೌಕರಿಗೆ ಸಂಬಂಧಿಸಿದುದೆಂದು ಭ್ರಮಿಸುವುದುಂಟು. ಇಲ್ಲಿ ಉದ್ಯೋಗವೆಂದರೆ ಸಂಬಳದ ಕೆಲಸವಲ್ಲ; ಮನುಷ್ಯನ ದಿನವನ್ನು ತುಂಬುವ ಸಮಸ್ತ ಕ್ರಿಯೆಗಳೂ ಉದ್ಯೋಗವೇ. ಉಣ್ಣುವುದು, ಉಡುವುದು, ಆಡುವುದು, ಅಕ್ಷರ ತಿದ್ದುವುದು ಮಗುವಿನ ಉದ್ಯೋಗ. ಭಾರತದಲ್ಲಿ ಈ ಶಾಸ್ತ್ರದ ಶಿಕ್ಷಣಕ್ಕೆ 1950ರಲ್ಲಿ ಮುಂಬಯಿಯಲ್ಲಿ ಕಮಲಾ ನಿಂಬಕರ್ ಅವರು ನಾಂದಿ ಹಾಡಿದರು.

ಸ್ವಲೀನ ಮಕ್ಕಳಲ್ಲಿ ಅನೇಕರಿಗೆ ಶಬ್ದ, ಸ್ಪರ್ಶ, ಬೆಳಕುಗಳು ಅತಿಯಾಗಿಯೋ ಅತ್ಯಲ್ಪವಾಗಿಯೋ ತಟ್ಟುತ್ತವೆ. ಕ್ಯಾಲಿಫೋರ್ನಿಯದ ಔದ್ಯೋಗಿಕ ಚಿಕಿತ್ಸಕಿ ಜೀನ್ ಏರ್ಸ್ ಅವರು 1972ರಲ್ಲಿ, ಸಂವೇದನೆಗಳನ್ನು ಮಿದುಳು ಹೊಂದಿಸಿಕೊಳ್ಳುವ ಬಗೆಗೂ ಕಲಿಕೆಗೂ ಇರುವ ಸಂಬಂಧವನ್ನು ಪ್ರತಿಪಾದಿಸಿದರು. ಅವರ ಚಿಕಿತ್ಸಾಕ್ರಮದ ಫಲವೆಷ್ಟೆಂಬ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಆದರೆ ಅವರ ದೃಷ್ಟಿಯಿಂದ ಒಂದು ಉಪಕಾರವಾಯಿತು: ಕುಕ್ಕರಿನ ಸಿಳ್ಳಿಗೆ ಕಿವಿ ಮುಚ್ಚುವ, ಜಾತ್ರೆಯ ಡೊಳ್ಳಿಗೆ ಹೌಹಾರುವ, ಹೊಸ ಅಂಗಿಯನ್ನು ಕಿತ್ತೆಸೆಯುವ ಮಗು ಹಟಮಾರಿಯಲ್ಲ, ಸಂಕಟದಲ್ಲಿದೆ ಎಂದು ಹಿರಿಯರು ಅರಿಯುವಂತಾಯಿತು.

ಚಿಕಿತ್ಸಕರು ಮಗುವನ್ನು ವಾರಕ್ಕೆ ಕೆಲವು ಗಳಿಗೆ ಮಾತ್ರ ನೋಡಬಲ್ಲರು. ಉಳಿದ ಕಾಲವೆಲ್ಲ ಮಗು ಮನೆಯವರದು. ಆದ್ದರಿಂದ ಮನೆಯವರಿಗೆ ಕ್ರಮವನ್ನು ಕಲಿಸುವುದೇ ಚಿಕಿತ್ಸೆಯ ಮುಖ್ಯಾಂಗ. ಅಂಗಿ ತೊಡುವುದನ್ನು ಸಣ್ಣ ಹಂತಗಳಾಗಿ ಒಡೆದು, ಮೊದಲಿನವುಗಳನ್ನು ತಾಯಿ ಮಾಡಿ, ಕೊನೆಯ ಗುಂಡಿಯನ್ನಷ್ಟೇ ಮಗುವಿಗೆ ಬಿಡಲಾಗುತ್ತದೆ. ಅದು ಸಾಧಿಸಿದ ಮೇಲೆ ಅದರ ಹಿಂದಿನ ಗುಂಡಿಯೂ ಮಗುವಿನದಾಗುತ್ತದೆ. ಹೀಗೆ ಪ್ರತಿ ಪ್ರಯತ್ನವೂ ಕೆಲಸ ಮುಗಿಸಿದ ಸಂತೋಷದಲ್ಲಿಯೇ ಕೊನೆಗೊಳ್ಳುತ್ತದೆ. ದಿನದ ಕೆಲಸಗಳನ್ನು ಚಿತ್ರಗಳಲ್ಲಿ ಬರೆದು ಗೋಡೆಗೆ ಅಂಟಿಸಿದರೆ ಮುಂದೇನೆಂಬ ಕಳವಳವೂ ತಗ್ಗುತ್ತದೆ.

ಪಾಲಕರ ಮೂಲಕ ನೀಡುವ ನೆರವು ಸಫಲವೆಂಬುದಕ್ಕೆ ಸಂವಹನದ ಕ್ಷೇತ್ರದಲ್ಲಿ ಸಮೀಪದ ನಿದರ್ಶನವಿದೆ. ಗೋವೆಯಲ್ಲಿಯೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿಯೂ 65 ಮಕ್ಕಳೊಡನೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತಜ್ಞರಲ್ಲದಿದ್ದರೂ ತರಬೇತಿ ಪಡೆದಿದ್ದ ಕಾರ್ಯಕರ್ತರು ಪಾಲಕರಿಗೆ ಮಾರ್ಗದರ್ಶನ ನೀಡಿದರು. ಪಾಲಕರು ಮಗುವಿನ ಸೂಚನೆಗೆ ಹೊಂದಿಕೊಂಡು ಪ್ರತಿಕ್ರಿಯಿಸುವುದು ಹೆಚ್ಚಿತು; ಮಗು ತಾನಾಗಿ ಸಂವಹನಕ್ಕೆ ತೊಡಗುವುದೂ ಹೆಚ್ಚಿತು.

ಆದರೆ ಪಾಲಕರಿಗೆ ಕರ್ತವ್ಯವನ್ನಷ್ಟೇ ಹೊರಿಸಿ ಆಸರೆ ನೀಡದಿದ್ದರೆ ಹಳೆಯ ಆರೋಪವೇ ಹೊಸ ವೇಷದಲ್ಲಿ ಬಂದಂತಾಗುತ್ತದೆ. ತಾಯಿಗೆ ನಿದ್ರೆ ಬೇಕು, ತಂದೆಯ ಪಾಲುಗಾರಿಕೆ ಬೇಕು, ಅಜ್ಜಿ ತಾತಂದಿರ ತಿಳಿವಳಿಕೆ ಬೇಕು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಸ್ವಲೀನತೆಯನ್ನು 21 ವೈಕಲ್ಯಗಳಲ್ಲಿ ಸೇರಿಸಿದೆ. ನಿಗದಿತ ಪ್ರಮಾಣದ ವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕನ್ನಿತ್ತಿದೆ. ಶಾಲೆಯ ಬಾಗಿಲು ತೆರೆಯುವುದು ಕಾನೂನಿನ ಕೆಲಸ. ಒಳಬಂದ ಮಗುವಿಗೆ ಗದ್ದಲವಿಲ್ಲದ ಮೂಲೆಯನ್ನೂ ತಾಳ್ಮೆಯ ಮಾತನ್ನೂ ನೀಡುವುದು ಶಿಕ್ಷಕರ ಕೆಲಸ.

ಕಾಯಕದಲ್ಲಿ ಮೇಲು ಕೀಳಿಲ್ಲವೆಂಬುದು ಬಸವಾದಿ ಶರಣರು ತೋರಿದ ದಾರಿ. ತನ್ನ ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಳ್ಳಲು ಶ್ರಮಿಸುವ ಮಗುವಿನದೂ ಕಾಯಕವೇ, ಅದರ ಪಕ್ಕದಲ್ಲಿ ಅವಸರಿಸದೆ ಕಾದು ಕುಳಿತ ತಾಯಿಯದೂ ಕಾಯಕವೇ. ಆ ತಾಯಿಯತ್ತ ಬೆರಳು ತೋರುವ ಬದಲು ಕೈ ಚಾಚುವುದು ಸಮಾಜದ ದಾಸೋಹವೆನಿಸುತ್ತದೆ.