ಹಂಚಿನ ಮಣ್ಣಿನ ಮೂಲ: ನೇತ್ರಾವತಿ–ಗುರುಪುರ ನದಿ ಬಯಲು

1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಅವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದಾಗ, ನೇತ್ರಾವತಿ ಮತ್ತು ಗುರುಪುರ ನದಿಗಳ ದಂಡೆಯ ಜೇಡಿಮಣ್ಣೇ ಆ ಉದ್ಯಮಕ್ಕೆ ಆಧಾರವಾಯಿತು. ಈ ಮಣ್ಣಿನಲ್ಲಿ ಏನಿದೆ ಎಂಬುದು ಕೇವಲ ಭೂವಿಜ್ಞಾನಿಗಳ ಪ್ರಶ್ನೆಯಲ್ಲ. ಗೂಡಿನಿಂದ ನೂರಕ್ಕೆ ಎಷ್ಟು ಹಂಚುಗಳು ಬಿರುಕಿಲ್ಲದೆ ಹೊರಬರುತ್ತವೆ ಎಂಬುದು ಬಹುಮಟ್ಟಿಗೆ ಅದನ್ನೇ ಅವಲಂಬಿಸಿದೆ.

ಮಣ್ಣಿನ ತವರು ಪಶ್ಚಿಮ ಘಟ್ಟದ ಇಳಿಜಾರು. ಅಲ್ಲಿನ ನೈಸ್ ಮೊದಲಾದ ಪ್ರಾಚೀನ ಶಿಲೆಗಳಲ್ಲಿರುವ ಫೆಲ್ಡ್‌ಸ್ಪಾರ್ ಖನಿಜವು ಭಾರಿ ಮಳೆ ಹಾಗೂ ಬಿಸಿಲಿಗೆ ಸಿಕ್ಕಿ ಶಿಥಿಲವಾಗುತ್ತದೆ. ನೀರು ಪೊಟ್ಯಾಸಿಯಂ, ಸೋಡಿಯಂ, ಸುಣ್ಣದ ಅಂಶಗಳನ್ನು ಕರಗಿಸಿ ಒಯ್ಯುತ್ತದೆ. ಉಳಿಯುವುದು ಕೆಯೊಲಿನೈಟ್ ಎಂಬ ಜೇಡಿಖನಿಜ ಮತ್ತು ಕಬ್ಬಿಣದ ಆಕ್ಸೈಡು. ಪ್ರವಾಹವು ಇವನ್ನು ಕೆಳಗೆ ತಂದಾಗ ಮರಳು ಹರಿವಿನ ಬಳಿಯೇ ನಿಲ್ಲುತ್ತದೆ, ನಯವಾದ ಜೇಡಿ ಮಾತ್ರ ನಿಂತ ನೀರಿನಲ್ಲಿ ನಿಧಾನವಾಗಿ ತಳಕ್ಕಿಳಿಯುತ್ತದೆ. ನದಿಯು ಕಾಲಕಾಲಕ್ಕೆ ಪಾತ್ರ ಬದಲಿಸುವುದರಿಂದ ಅಕ್ಕಪಕ್ಕದ ಎರಡು ಗದ್ದೆಗಳ ಮಣ್ಣು ಕೂಡ ಒಂದೇ ತೆರನಾಗಿರಬೇಕೆಂದಿಲ್ಲ.

ಉತ್ತರ ಕರ್ನಾಟಕದ ಎರೆಭೂಮಿಯ ಸಂಗತಿಯೇ ಬೇರೆ. ಬಸಾಲ್ಟ್ ಶಿಲೆ ಹಾಗೂ ಕಡಿಮೆ ಮಳೆಯ ಫಲವಾಗಿ ಅಲ್ಲಿ ಸ್ಮೆಕ್ಟೈಟ್ ಗುಂಪಿನ ಖನಿಜಗಳು ಪ್ರಧಾನ. ಅವುಗಳ ಪದರಗಳ ನಡುವೆ ನೀರು ಹೊಕ್ಕು ಮಣ್ಣು ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಬೇಸಿಗೆಯ ಎರೆಹೊಲದ ಬಿರುಕನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಕೆಯೊಲಿನೈಟ್‌ನ ಪದರಗಳಾದರೋ ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುವುದರಿಂದ ನೀರಿಗೆ ಎಡೆಯಿಲ್ಲ. ಹಸಿ ಹಂಚು ಸೊಟ್ಟಗಾಗುವುದು ಕಡಿಮೆ. ಎರೆಮಣ್ಣಿನಲ್ಲಿ ಅಡಗಿರುವ ಸುಣ್ಣದ ಹರಳು ಇನ್ನೊಂದು ತೊಡಕು. ಸುಟ್ಟ ಬಳಿಕ ಅದು ತೇವ ಹೀರಿ ಹಿಗ್ಗಿ, ಮಾರಿದ ಮಾಲಿನ ಮೈಯನ್ನೇ ಸಿಡಿಸುತ್ತದೆ. ಆ ದೂರು ಬರುವುದು ಗಿರಾಕಿಯ ಮನೆಯಿಂದ.

ಗೂಡಿನಲ್ಲಿ ಸುಮಾರು 450ರಿಂದ 600 ಡಿಗ್ರಿ ಸೆಲ್ಸಿಯಸ್ ನಡುವೆ ಕೆಯೊಲಿನೈಟ್ ತನ್ನ ರಚನೆಯೊಳಗಿನ ನೀರನ್ನು ಕಳೆದುಕೊಳ್ಳುತ್ತದೆ. ಶುದ್ಧ ಖನಿಜದ ತೂಕದಲ್ಲಿ ಇದು ಸುಮಾರು ಶೇ. 14. ಕಬ್ಬಿಣದ ಹಳದಿ ಸಂಯುಕ್ತವು ಹೆಮಟೈಟ್ ಆಗಿ ಮಾರ್ಪಟ್ಟು ಹಂಚಿಗೆ ಕೆಂಪು ಬಣ್ಣ ನೀಡುತ್ತದೆ.

ಇಂತಹ ಪದರಗಳು ಮೂಡಲು ಸಾವಿರಾರು ವರ್ಷಗಳು ಬೇಕು, ತೋಡಲು ಕೆಲವು ದಿನ ಸಾಕು. ಮೇಲ್ಮಣ್ಣನ್ನು ಬದಿಗಿಟ್ಟು ಮತ್ತೆ ಹರಡದೆ ಹೋದರೆ ಗದ್ದೆ ತಗ್ಗಾಗಿ ನೀರು ನಿಲ್ಲುತ್ತದೆ. ಭೂಮಾಲೀಕನು ಮರುವರ್ಷ ಮಣ್ಣು ಕೊಡಲು ಒಪ್ಪುವುದು ಕಷ್ಟ. ಹೊಸ ಮೂಲವನ್ನು ಅರಸುವಾಗ ಲಾರಿ ಲೆಕ್ಕದಲ್ಲಿ ಕೊಳ್ಳುವ ಮೊದಲು ಸಣ್ಣದೊಂದು ಪರೀಕ್ಷೆ ಲೇಸು. ಹದಗೊಳಿಸಿದ ಮಣ್ಣಿನ ಪಟ್ಟಿಯ ಮೇಲೆ 10 ಸೆಂ.ಮೀ. ಅಂತರದಲ್ಲಿ ಎರಡು ಗೆರೆ ಎಳೆದು ನೆರಳಿನಲ್ಲಿ ಒಣಗಿಸಬೇಕು. ಅಂತರವು 9 ಸೆಂ.ಮೀ.ಗೆ ಇಳಿದರೆ ಕುಗ್ಗುವಿಕೆ ಶೇ. 10 ಎಂದರ್ಥ; ಅಂತಹ ಮಣ್ಣಿಗೆ ಮರಳನ್ನೋ ಸುಟ್ಟ ಹಂಚಿನ ಪುಡಿಯನ್ನೋ ಬೆರೆಸಿ ಮತ್ತೆ ಅಳೆಯಬೇಕು. ಅಳಿವೆಯ ಸಮೀಪದ ಮಣ್ಣಾದರೆ ಅದೇ ಪಟ್ಟಿಯನ್ನು ಸುಟ್ಟು, ನೀರಿನಲ್ಲಿ ನೆನೆಸಿ, ಒಣಗಿದ ಮೇಲೆ ಬಿಳಿ ಉಪ್ಪು ಮೂಡುವುದೇ ಎಂದೂ ನೋಡಬೇಕು.