ನನ್ನ ಕಾಲು ನನ್ನದಲ್ಲ!

‘ನನ್ನ ಕಾಲು’ ಎನ್ನುವಾಗ ‘ನನ್ನ’ ಎಂಬ ಶಬ್ದದ ಕಡೆಗೆ ನಮ್ಮ ಗಮನ ಹೋಗುವುದೇ ಇಲ್ಲ. ಅದು ಷಷ್ಠೀ ವಿಭಕ್ತಿ, ಸಂಬಂಧವನ್ನು ಸೂಚಿಸುತ್ತದೆ ಎಂದು ತರಗತಿಯಲ್ಲಿ ಹೇಳಿ ನಾವು ಮುಂದಿನ ಪಾಠಕ್ಕೆ ಹೋಗುತ್ತೇವೆ. ‘ನನ್ನ ಮನೆ’, ‘ನನ್ನ ಪುಸ್ತಕ’ ಎಂಬಲ್ಲಿ ಆ ಸಂಬಂಧ ಕಡಿದುಹೋಗಬಹುದು. ಮನೆಯನ್ನು ಮಾರಬಹುದು, ಪುಸ್ತಕವನ್ನು ಎರವಲು ಕೊಟ್ಟು ಕಳೆದುಕೊಳ್ಳಬಹುದು. ಆದರೆ ಹುಟ್ಟಿನೊಡನೆ ಬಂದ ಕಾಲು ನನ್ನದಲ್ಲದೆ ಇನ್ನಾರದು? ಈ ಪ್ರಶ್ನೆಗೆ ನಗು ಬರುವುದು ಸಹಜ. ಆದರೆ ನಗದೆ, ನೊಂದು ಇದನ್ನು ಕೇಳುವ ಕೆಲವರು ಜಗತ್ತಿನಲ್ಲಿದ್ದಾರೆ.

ಅವರ ಕಾಲಿನಲ್ಲಿ ಯಾವ ಊನವೂ ಇಲ್ಲ. ನಡೆಯುತ್ತದೆ, ಓಡುತ್ತದೆ, ಚಿವುಟಿದರೆ ನೋಯುತ್ತದೆ. ಆದರೂ ತೊಡೆಯ ಮೇಲಿನ ಗೊತ್ತಾದ ಒಂದು ಗೆರೆಯಿಂದ ಕೆಳಗಿನ ಭಾಗ ತಮಗೆ ಸೇರಿದ್ದಲ್ಲ, ಅದಿಲ್ಲದಿದ್ದರೆ ಮಾತ್ರ ತಾವು ಪೂರ್ಣರು ಎಂಬ ಭಾವ ಅವರನ್ನು ಹಗಲಿರುಳೂ ಕಾಡುತ್ತದೆ. ಹೆಚ್ಚಿನವರಲ್ಲಿ ಇದು ಬಾಲ್ಯದಲ್ಲಿಯೇ ಮೊಳೆಯುತ್ತದೆ. ಅನೇಕರಿಗೆ ಎಡಗಾಲೇ ಪರಕೀಯ; ಕೆಲವರಿಗೆ ಕೈ; ಮತ್ತೆ ಕೆಲವರಿಗೆ ಸೊಂಟದ ಕೆಳಗಿನ ಚಲನಶಕ್ತಿಯೇ ಬೇಡವೆನಿಸುತ್ತದೆ.

ಅಮೆರಿಕದ ಮನೋವೈದ್ಯ ಮೈಕೇಲ್ ಫಸ್ಟ್ ಇಂಥ 52 ಮಂದಿಯೊಡನೆ ಮಾತನಾಡಿ 2005ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಈ ಅವಸ್ಥೆಗೆ ‘ಬಾಡಿ ಇಂಟೆಗ್ರಿಟಿ ಐಡೆಂಟಿಟಿ ಡಿಸಾರ್ಡರ್’ ಎಂಬ ಹೆಸರು ರೂಢಿಗೆ ಬಂದುದು ಅವರಿಂದ. ‘ದೇಹಸಮಗ್ರತೆಯ ಅಸ್ವಸ್ಥತೆ’ ಎಂದು ನಾವು ಕನ್ನಡದಲ್ಲಿ ಕರೆಯಬಹುದು. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹನ್ನೊಂದನೆಯ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂದಾಗ, ‘ಬಾಡಿ ಇಂಟೆಗ್ರಿಟಿ ಡಿಸ್ಫೋರಿಯ’ ಎಂಬ ಹೆಸರಿನಿಂದ ಇದಕ್ಕೂ ಅಲ್ಲಿ ಸ್ಥಾನ ದೊರೆಯಿತು.

ಇದನ್ನು ಕೇಳಿದೊಡನೆ ‘ಹುಚ್ಚು’ ಎಂದುಬಿಡುವುದು ಸುಲಭ. ಆದರೆ ಹುಚ್ಚಿನ ಭ್ರಮೆಗೆ ಸಿಲುಕಿದವನು ತನ್ನ ಭ್ರಮೆಯನ್ನೇ ನಿಜವೆಂದು ಸಾಧಿಸುತ್ತಾನೆ. ಇವರು ಹಾಗಲ್ಲ. ಕಾಲು ಆರೋಗ್ಯವಾಗಿದೆ, ತಮ್ಮ ಬಯಕೆ ಲೋಕಕ್ಕೆ ವಿಚಿತ್ರ ಎಂಬುದನ್ನು ಇವರು ಚೆನ್ನಾಗಿ ಬಲ್ಲರು, ಬಲ್ಲರೆಂದೇ ನಾಚುತ್ತಾರೆ. ಕಾಲು ಕುರೂಪವೆಂಬ ಕೊರಗೂ ಇವರಿಗಿಲ್ಲ. ಇನ್ನು, ಇತರರ ಅನುಕಂಪಕ್ಕಾಗಿ ಹೀಗಾಡುತ್ತಾರೆಂಬ ಮಾತು. ಅನುಕಂಪ ಬಯಸುವವನು ತನ್ನ ಕಷ್ಟವನ್ನು ಹತ್ತು ಜನರಿಗೆ ಹೇಳಿಕೊಳ್ಳುತ್ತಾನೆ. ಇವರಾದರೋ ಕೈಹಿಡಿದವರಿಗೂ ಹೇಳದೆ ವರ್ಷಗಟ್ಟಲೆ ಮುಚ್ಚಿಡುತ್ತಾರೆ. 1977ರಲ್ಲಿ ಜಾನ್ ಮನಿ ಮೊದಲಾದ ವಿದ್ವಾಂಸರು ಇದನ್ನು ಕಾಮವಿಕಾರವೆಂದು ವರ್ಗೀಕರಿಸಿದ್ದರು. ಕೆಲವರಲ್ಲಿ ಆ ಅಂಶವೂ ಇರಬಹುದು. ಆದರೆ ಫಸ್ಟ್ ಅವರೊಡನೆ ಮಾತನಾಡಿದ ಬಹುಪಾಲು ಜನ ಹೇಳಿದ ಮುಖ್ಯ ಕಾರಣ, ತಮ್ಮ ನಿಜವಾದ ಸ್ವರೂಪವನ್ನು ಪಡೆಯಬೇಕೆಂಬುದು.

ಹಾಗಾದರೆ ಇದರ ಮೂಲವೆಲ್ಲಿ? ಅಂಗವನ್ನು ಕಳೆದುಕೊಂಡವರಲ್ಲಿ ಅನೇಕರಿಗೆ ಇಲ್ಲದ ಕೈ ತುರಿಸುವುದು, ಇಲ್ಲದ ಕಾಲು ನೋಯುವುದು ಉಂಟು. ಅಮೆರಿಕದ ವೈದ್ಯ ವೇರ್ ಮಿಚೆಲ್ 1871ರಲ್ಲಿಯೇ ಇದಕ್ಕೆ ‘ಮಾಯಾಂಗ’ ಎಂಬರ್ಥದ ಹೆಸರಿಟ್ಟಿದ್ದನು. ಅಂಗ ಹೋದರೂ ಮಿದುಳಿನಲ್ಲಿ ಅದರ ನಕ್ಷೆ ಉಳಿದಿರುತ್ತದೆ. ಇದರ ವಿಪರೀತವೂ ಸಾಧ್ಯವಲ್ಲವೆ? ಅಂಗವಿದೆ, ನಕ್ಷೆಯಲ್ಲಿ ಮಾತ್ರ ಅದಕ್ಕೆ ಎಡೆಯಿಲ್ಲ! ತಮಿಳುನಾಡಿನಲ್ಲಿ ಹುಟ್ಟಿ, ಮದರಾಸಿನ ಸ್ಟ್ಯಾನ್ಲಿ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಅಮೆರಿಕದಲ್ಲಿ ನೆಲೆಸಿದ ವಿ. ಎಸ್. ರಾಮಚಂದ್ರನ್ ಮತ್ತು ಅವರ ಸಂಗಡಿಗರು ಈ ಜಾಡನ್ನು ಹಿಡಿದರು. 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಂಥ ನಾಲ್ವರ ಕಾಲನ್ನು ಮುಟ್ಟಿ, ಮಿದುಳಿನ ಸ್ಪಂದನವನ್ನು ಯಂತ್ರದಿಂದ ಅಳೆದರು. ಒಪ್ಪಿತವಾದ ಭಾಗವನ್ನು ಮುಟ್ಟಿದಾಗ ಬಲಮಿದುಳಿನ ಮೇಲುಭಾಗದ ಒಂದು ಪ್ರದೇಶ ಎಚ್ಚರಗೊಳ್ಳುತ್ತಿತ್ತು. ಬೇಡವಾದ ಭಾಗವನ್ನು ಮುಟ್ಟಿದಾಗ ಅದು ಹಾಗೆ ಓಗೊಡಲಿಲ್ಲ. ನಾಲ್ವರಿಂದಲೇ ಸಿದ್ಧಾಂತ ಸ್ಥಿರವಾಗದು, ನಿಜ. ಆದರೆ 2013ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು 13 ಮಂದಿಯನ್ನು ಪರೀಕ್ಷಿಸಿದಾಗಲೂ ಅದೇ ಪ್ರದೇಶದಲ್ಲಿ ವ್ಯತ್ಯಾಸ ಕಂಡುಬಂದಿತು.

ಲೋಕದ ಪರಿಹಾಸ್ಯಕ್ಕೆ ಅಂಜಿ ಮೌನವಾಗಿರುವವರ ಗತಿ ಏನಾದೀತು? 1998ರಲ್ಲಿ ಅಮೆರಿಕದ ವೃದ್ಧನೊಬ್ಬನು, ಪರವಾನಗಿ ಕಳೆದುಕೊಂಡಿದ್ದ ವೈದ್ಯನೊಬ್ಬನಿಂದ ಮೆಕ್ಸಿಕೋದಲ್ಲಿ ಗುಟ್ಟಾಗಿ ಕಾಲು ತೆಗೆಸಿಕೊಂಡನು. ಗ್ಯಾಂಗ್ರೀನ್ ಏರಿ ಕೆಲವೇ ದಿನಗಳಲ್ಲಿ ಸತ್ತನು. ಸ್ಕಾಟ್ಲೆಂಡಿನ ಫಾಲ್ಕರ್ಕ್ ಪಟ್ಟಣದ ಆಸ್ಪತ್ರೆಯಲ್ಲಿ ರಾಬರ್ಟ್ ಸ್ಮಿತ್ ಎಂಬ ಶಸ್ತ್ರವೈದ್ಯರು 1997ರಲ್ಲಿ ಒಬ್ಬರಿಗೆ, 1999ರಲ್ಲಿ ಇನ್ನೊಬ್ಬರಿಗೆ, ಮನೋವೈದ್ಯರ ಪರೀಕ್ಷೆಯಾದ ಬಳಿಕ, ಈ ಶಸ್ತ್ರಕ್ರಿಯೆಯನ್ನು ಮಾಡಿದ್ದರು. 2000ದಲ್ಲಿ ಸುದ್ದಿ ಹೊರಬಿದ್ದು ದೊಡ್ಡ ಕೋಲಾಹಲವೆದ್ದಿತು. ಆಸ್ಪತ್ರೆಯ ಆಡಳಿತ ಮುಂದೆ ಅಂಥ ಶಸ್ತ್ರಕ್ರಿಯೆ ಕೂಡದೆಂದಿತು. ಆರೋಗ್ಯವಾದ ಅಂಗವನ್ನು ತೆಗೆಯುವುದು ವೈದ್ಯಧರ್ಮವೆ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಒಮ್ಮೆ ತೆಗೆದುದನ್ನು ಮತ್ತೆ ಜೋಡಿಸಲಾಗದೆಂಬ ಕಾರಣದಿಂದ ಹೆಚ್ಚಿನ ವೈದ್ಯರು ಅದಕ್ಕೆ ಒಪ್ಪುವುದಿಲ್ಲ.

ಇದನ್ನು ಬೇರುಸಹಿತ ಕೀಳುವ ಔಷಧಿ ಇಂದಿಗೂ ಇಲ್ಲ. ಆದರೆ ಜೊತೆಗೆ ಬರುವ ಖಿನ್ನತೆಯನ್ನು ಕಡಮೆ ಮಾಡಲು, ಬಯಕೆಯೊಡನೆ ಬಾಳುವುದನ್ನು ಕಲಿಸಲು, ಅಪಾಯದ ದಾರಿಯಿಂದ ಹಿಂದಕ್ಕೆ ತರಲು ಮನೋವೈದ್ಯರಿಂದ ಸಾಧ್ಯ. ಅದಕ್ಕೆ ಮೊದಲು ರೋಗಿ ಬಾಯಿಬಿಟ್ಟು ಹೇಳಬೇಕು. ಹೇಳಬೇಕಾದರೆ ಕೇಳುವವರು ನಗಬಾರದು. ಆನೆಯ ಭಾರ ಆನೆಗೆ, ಇರುವೆಯ ಭಾರ ಇರುವೆಗೆ ಎನ್ನುತ್ತಾರೆ ಹಿರಿಯರು. ಮನೆಯವರೋ ಸ್ನೇಹಿತರೋ ಇಂಥದೊಂದು ಮಾತನ್ನು ಎಂದಾದರೂ ನಮ್ಮೆದುರು ತೊದಲಿದರೆ, ಗದರಿಸದೆ, ಬೆದರದೆ, ಕುಳ್ಳಿರಿಸಿ ಕೇಳೋಣ. ವೈದ್ಯರ ಬಳಿಗೆ ಜೊತೆಯಲ್ಲಿ ಹೋಗೋಣ. ಕಾಲು ತಮ್ಮದಲ್ಲವೆಂದು ಅವರಿಗೆ ತೋರಬಹುದು, ನೋವಂತೂ ಅವರದೇ.